ಪಾತ್ರವರಿತ ಚಹ

ದಾನಕ್ಕೆ ಪಾತ್ರಾಪಾತ್ರ ವಿವೇಚನೆ ಬೇಕೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಚೀನದ ಜನ ಈ ವಿವೇಚನೆಯನ್ನು ಚಹಕ್ಕೂ ಅನ್ವಯಿಸಿದರು. ಯಾವ ಎಲೆಗೆ ಯಾವ ಪಾತ್ರೆ ಎಂಬ ಚರ್ಚೆ ಅಲ್ಲಿ ಸಾವಿರದಿನ್ನೂರು ವರ್ಷಗಳಿಂದ ನಡೆದಿದೆ; ಇನ್ನೂ ಮುಗಿದಂತಿಲ್ಲ. ಈಚೆಗೆ ನಮ್ಮ ನಗರಗಳಲ್ಲಿಯೂ ಹಸುರು ಚಹ, ಊಲಾಂಗ್ ಎಂಬ ಹೆಸರುಗಳು ಕಿವಿಗೆ ಬೀಳುತ್ತಿವೆ. ಚೀನೀ ಚಹದ ಸೆಟ್ಟೊಂದನ್ನು ಕೊಳ್ಳಬೇಕೆಂಬ ಆಸೆಯೂ ಕೆಲವರಲ್ಲಿ ಮೂಡಿದೆ. ಸಹೋದ್ಯೋಗಿಗಳಾದ ಸಸ್ಯಶಾಸ್ತ್ರದ ಉಪನ್ಯಾಸಕರು ಮೊನ್ನೆ, "ಅಂದವಾದದ್ದೊಂದನ್ನು ಆರಿಸಿ ಹೇಳಿ ಸಾರ್, ಎಲ್ಲ ಚಹಕ್ಕೂ ಅದೇ ಆಗಲಿ" ಎಂದರು. ತೊಡಕಿರುವುದು ಆ ಎರಡನೆಯ ಮಾತಿನಲ್ಲಿಯೇ.

8ನೆಯ ಶತಮಾನದಲ್ಲಿ 'ಚಾ ಜಿಂಗ್' ಎಂಬ ಚಹಶಾಸ್ತ್ರವನ್ನು ಬರೆದ ಲೂ ಯೂ, ಯುವೆ ಪ್ರಾಂತದ ಹಸುರು ಬಟ್ಟಲನ್ನು ಶಿಂಗ್ ಪ್ರಾಂತದ ಬಿಳಿಯ ಬಟ್ಟಲಿಗಿಂತ ಮೇಲೆಂದು ಎಣಿಸಿದ. ಬಿಳಿಯ ಬಟ್ಟಲಿನಲ್ಲಿ ಅಂದಿನ ಚಹ ಕೆಂಪಗೆ ಕಾಣುತ್ತಿತ್ತು. ಹಸುರಿನಲ್ಲಿ ಹಸುರಾಗಿಯೇ ಕಾಣುತ್ತಿತ್ತು. ಮುಂದೆ ಸೋಂಗ್ ಅರಸರ ಕಾಲದಲ್ಲಿ ಚಹದ ಪುಡಿಯನ್ನು ಕಡೆದು ಬೆಳ್ಳನೆಯ ನೊರೆಯೆಬ್ಬಿಸಿ ಕುಡಿಯುವುದು ಬಳಕೆಗೆ ಬಂದಿತು. ಒಡನೆಯೇ ಫುಜಿಯಾನ್ ಪ್ರಾಂತದ ಕಪ್ಪು ಬಟ್ಟಲು ಶ್ರೇಷ್ಠವಾಯಿತು, ನೊರೆಯ ಬಿಳುಪು ಎದ್ದು ಕಾಣಬೇಕಲ್ಲವೆ? ಟೀಪಾಟಿಗೆ ಇನ್ನೂ ಕಾಲ ಬಂದಿರಲಿಲ್ಲ. ಬಡ ರೈತನ ಮಗನಾಗಿ ಹುಟ್ಟಿ ಮಿಂಗ್ ರಾಜವಂಶವನ್ನು ಕಟ್ಟಿದ ಹೊಂಗ್‌ವೂ ಚಕ್ರವರ್ತಿ, ಪ್ರಜೆಗಳ ದುಡಿಮೆಯ ಹೊರೆಯನ್ನು ಇಳಿಸಲೆಂದು, ಅಚ್ಚೊತ್ತಿದ ಚಹದ ಬಿಲ್ಲೆಗಳನ್ನು ಅರಮನೆಗೆ ಕಪ್ಪವಾಗಿ ಒಪ್ಪಿಸುವ ಪದ್ಧತಿಯನ್ನು 1391ರಲ್ಲಿ ನಿಲ್ಲಿಸಿದ; ಬಿಡಿ ಎಲೆಯೇ ಸಾಕೆಂದ. ಎಲೆಯನ್ನು ಬಿಸಿನೀರಿನಲ್ಲಿ ನೆನೆಯಿಟ್ಟು ಬಸಿದುಕೊಳ್ಳುವ ರೂಢಿ ಹರಡಿದಂತೆ, ಮುಚ್ಚಳವೂ ಮೂತಿಯೂ ಉಳ್ಳ, ನಮ್ಮ ಗಿಂಡಿಯ ದೂರದ ನಂಟನಂತಿರುವ ಟೀಪಾಟು ಮುಂದೆ ಬಂದಿತು.

ಇಂದು ಕೊಳ್ಳುವವರ ಮುಂದೆ ಮುಖ್ಯವಾಗಿ ಎರಡು ಊರುಗಳಿವೆ ಎನ್ನಬಹುದು. ಒಂದು ಜಿಯಾಂಗ್‌ಶಿ ಪ್ರಾಂತದ ಜಿಂಗ್‌ದೆಝೆನ್, ಪಿಂಗಾಣಿಯ ತವರು. ಅದರ ಸಮೀಪದ ಗಾವ್‌ಲಿಂಗ್ ಎಂಬ ಹಳ್ಳಿಯ ಹೆಸರಿನಿಂದಲೇ ಬಿಳಿಯ ಜೇಡಿಗೆ ಕೇಯೋಲಿನ್ ಎಂಬ ಹೆಸರು ಜಗತ್ತಿಗೆಲ್ಲ ಬಂದಿತು. ಸುಮಾರು 1,300 ಡಿಗ್ರಿ ಸೆಂಟಿಗ್ರೇಡಿನ ಉರಿಯಲ್ಲಿ ಬೆಂದ ಈ ಪಿಂಗಾಣಿ ಏನನ್ನೂ ಹೀರುವುದಿಲ್ಲ. ಇನ್ನೊಂದು ಜಿಯಾಂಗ್‌ಸು ಪ್ರಾಂತದಲ್ಲಿ ತಾಯ್ ಸರೋವರದ ಪಶ್ಚಿಮಕ್ಕಿರುವ ಯೀಶಿಂಗ್. ಅಲ್ಲಿಯ ಮಣ್ಣಿಗೆ 'ಝೀಷಾ', ಎಂದರೆ ನೇರಳೆ ಮರಳು, ಎಂದು ಹೆಸರು. ಕೆಂಪು, ಹಳದಿ ಬಣ್ಣದ್ದೂ ಉಂಟು. ಅಲ್ಲಿಯ ಕುಶಲಿಗಳು ತಿಗರಿಯನ್ನು ನೆಚ್ಚಿದವರಲ್ಲ. ಮಣ್ಣನ್ನು ಕೊಡತಿಯಿಂದ ಬಡಿದು ಹಾಳೆಯಾಗಿಸಿ, ಸುತ್ತಿ ಬೆಸೆದು, ತಟ್ಟಿ ತಟ್ಟಿ ರೂಪ ಕೊಡುತ್ತಾರೆ. 16ನೆಯ ಶತಮಾನದಲ್ಲಿ ಗೊಂಗ್ ಚುನ್ ಎಂಬ ಸೇವಕ, ತನ್ನ ಒಡೆಯ ದೇವಾಲಯದಲ್ಲಿ ಓದುತ್ತ ಕುಳಿತಿರಲು, ಅಲ್ಲಿದ್ದ ಭಿಕ್ಷುವಿನಿಂದ ಈ ವಿದ್ಯೆಯನ್ನು ಕಲಿತನೆಂದು ಐತಿಹ್ಯ.

ಯೀಶಿಂಗಿನ ಪಾಟಿಗೆ ಒಳಗೂ ಹೊರಗೂ ಗಾಜಿನ ಮೆರುಗಿಲ್ಲ. ಅದರ ಗುಣವೂ ದೋಷವೂ ಅಲ್ಲಿಯೇ ಇವೆ. ಮಣ್ಣಿನ ಸೂಕ್ಷ್ಮರಂಧ್ರಗಳು ಚಹದ ಕಂಪನ್ನು ಹೀರಿಕೊಳ್ಳುತ್ತವೆ. ಮೀನು ಬೇಯಿಸಿದ ಮಡಕೆಯಲ್ಲಿ ಪಾಯಸ ಮಾಡುವವರುಂಟೆ? ಹಾಗೆಯೇ ಹೊಗೆಗಂಪಿನ ಚಹ ಕುದುರಿದ ಪಾಟಿನಲ್ಲಿ ಮಲ್ಲಿಗೆಯ ಚಹವನ್ನು ಸುರಿದರೆ ಎರಡೂ ಕೆಟ್ಟಂತೆ. ಆದುದರಿಂದ ಬಲ್ಲವರು ಒಂದು ಪಾಟಿಗೆ ಒಂದೇ ಜಾತಿಯ ಚಹವನ್ನು ಮೀಸಲಿಡುತ್ತಾರೆ. ಪಿಂಗಾಣಿಗೆ ನೆನಪಿಲ್ಲ, ಈ ಮಣ್ಣಿಗೆ ನೆನಪುಂಟು. ಹಳೆಯ ಪಾಟಿಗೆ ಬರಿಯ ಬಿಸಿನೀರು ಹೊಯ್ದರೂ ಚಹವಾಗುತ್ತದೆಂಬುದು ಮಾತ್ರ ವ್ಯಾಪಾರಿಗಳ ಅತಿಶಯೋಕ್ತಿಯೆಂದೇ ನನ್ನ ಎಣಿಕೆ.

ಶಾಖದ ವಿಚಾರವೂ ಇದೆ. ಹಾಂಗ್‌ಝೋ ನಗರದ ಲೋಂಗ್‌ಜಿಂಗ್ ಮೊದಲಾದ ಹಸುರು ಚಹಗಳಿಗೆ ಸುಮಾರು 80 ಡಿಗ್ರಿಯ ನೀರು ಸಾಕು. ಬಿಸಿ ಹೆಚ್ಚಿದರೆ ಎಲೆ ಬೆಂದು ಒಗರಾಗುತ್ತದೆ. ಅದಕ್ಕೆ ಬಿಸಿಯನ್ನು ಬೇಗ ಬಿಟ್ಟುಕೊಡುವ ತೆಳುವಾದ ಪಿಂಗಾಣಿ ಅಥವಾ ಗಾಜೇ ಸರಿ. ಯುನಾನಿನ ಪು-ಅರ್ ಚಹಕ್ಕಾದರೋ ಕುದಿಯುವ ನೀರೇ ಬೇಕು. ಶಾಖವನ್ನು ಹಿಡಿದಿಡುವ ದಪ್ಪ ಮಣ್ಣಿನ ಪಾಟು ಅದಕ್ಕೆ ಒಪ್ಪುತ್ತದೆ. ಉಂಡೆಗಟ್ಟಿದ ಊಲಾಂಗ್ ಎಲೆ ನೀರಿನಲ್ಲಿ ಹಲವು ಪಟ್ಟು ಅರಳುವುದರಿಂದ ಅದಕ್ಕೆ ಗುಂಡು ಹೊಟ್ಟೆಯ ಪಾಟು ಬೇಕು.

ಹಾಗಾದರೆ ಮೊದಲು ಕೊಳ್ಳಬೇಕಾದುದು ಯಾವುದು? ನೇರಳೆ ಮಣ್ಣಿನ ಪಾಟಲ್ಲ ಎಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. ಬಿಳಿಯ ಪಿಂಗಾಣಿಯ 'ಗಾಯ್‌ವಾನ್' ಕೊಳ್ಳಿರಿ. ಮುಚ್ಚಳ, ಬಟ್ಟಲು, ತಟ್ಟೆ ಇಷ್ಟೇ ಅದರ ಅಂಗಗಳು. ಚೀನೀಯರು ಇವನ್ನು ಆಕಾಶ, ಮನುಷ್ಯ, ಭೂಮಿ ಎನ್ನುತ್ತಾರೆ. 100ರಿಂದ 150 ಮಿಲಿಲೀಟರು ಹಿಡಿದರೆ ಸಾಕು. ಬೆಳಿಗ್ಗೆ ಹಸುರು ಚಹ, ಸಂಜೆ ಊಲಾಂಗ್ ಮಾಡಿದರೂ ಒಂದರ ವಾಸನೆ ಇನ್ನೊಂದಕ್ಕೆ ತಗಲದು. ಜೊತೆಗೆ ನಾಲ್ಕು ಪುಟ್ಟ ಬಟ್ಟಲುಗಳೂ, ಮೂತಿಯುಳ್ಳ ಒಂದು ಪಾತ್ರೆಯೂ ಇರಲಿ. ಈ ಪಾತ್ರೆಗೆ 'ನ್ಯಾಯದ ಬಟ್ಟಲು' ಎಂಬ ಅರ್ಥದ ಹೆಸರಿದೆ. ಚಹವನ್ನೆಲ್ಲ ಮೊದಲು ಇದಕ್ಕೆ ಬಗ್ಗಿಸಿ ಆಮೇಲೆ ಹಂಚಿದರೆ ಒಬ್ಬರಿಗೆ ತೆಳು, ಒಬ್ಬರಿಗೆ ಗಟ್ಟಿ ಎಂಬ ಪಂಕ್ತಿಭೇದವಿರುವುದಿಲ್ಲ. ಹೀಗೆ ವರ್ಷವೊಂದು ಕಳೆದು, ನಿಮ್ಮ ನಾಲಗೆ ಯಾವ ಚಹವನ್ನು ಮತ್ತೆ ಮತ್ತೆ ಬೇಡುತ್ತದೆಂಬುದು ಗೊತ್ತಾದ ಮೇಲೆ, ಅದೊಂದಕ್ಕಾಗಿ ಯೀಶಿಂಗಿನ ಪಾಟನ್ನು ಅರಸಿರಿ.

ಅರಸುವಾಗ ಎಚ್ಚರ ಬೇಕು. ಗೂ ಜಿಂಗ್‌ಝೋ (1915–1996) ಅವರಂಥ ಮಹಾಕುಶಲಿಗಳ ಕೃತಿಗಳು ಹರಾಜಿನಲ್ಲಿ ಕೋಟಿಗಟ್ಟಲೆ ಹಣಕ್ಕೆ ಹೋಗಿವೆ. ಹಣವಿರುವೆಡೆ ನಕಲೂ ಇರುತ್ತದೆ. ಸಾಧಾರಣ ಮಣ್ಣಿಗೆ ರಾಸಾಯನಿಕ ಬಣ್ಣ ಬೆರೆಸಿ ಝೀಷಾ ಎಂದು ಮಾರುತ್ತಿದ್ದುದನ್ನು ಚೀನದ ಸರಕಾರೀ ದೂರದರ್ಶನವೇ 2010ರಲ್ಲಿ ಬಯಲಿಗೆಳೆಯಿತು. ತಳದಲ್ಲಿ ಮುದ್ರೆಯಿದೆಯೆಂದು ನಂಬಬೇಡಿ. ಮುದ್ರೆಯನ್ನು ಯಾರೂ ಒತ್ತಬಲ್ಲರು. ಕಣ್ಣು ಕುಕ್ಕುವ ಬಣ್ಣ, ಕುದಿನೀರು ಹೊಯ್ದಾಗ ಏಳುವ ಔಷಧದಂಗಡಿಯ ವಾಸನೆ, ಇವೆರಡಿದ್ದರೆ ಬಿಟ್ಟುಬಿಡಿ. ಕೆಲಸದ ಅಚ್ಚುಕಟ್ಟನ್ನು ಅಳೆಯಲು ಒಂದು ಸುಲಭ ಪರೀಕ್ಷೆಯಿದೆ. ಪಾಟಿನ ತುಂಬ ನೀರು ತುಂಬಿ ಬಗ್ಗಿಸುತ್ತ, ಮುಚ್ಚಳದ ಗುಬುಟಿಯಲ್ಲಿರುವ ಗಾಳಿಯ ತೂತನ್ನು ಬೆರಳಿನಿಂದ ಒತ್ತಿರಿ. ಮುಚ್ಚಳ ಸರಿಯಾಗಿ ಕೂತಿದ್ದರೆ ಧಾರೆ ನಿಲ್ಲುತ್ತದೆ. ಬೆರಳು ತೆಗೆದರೆ ಮತ್ತೆ ಹರಿಯುತ್ತದೆ. ಸುರಿದು ನಿಲ್ಲಿಸಿದ ಮೇಲೆ ಮೂತಿಯಿಂದ ಹನಿ ಜಿನುಗಬಾರದು.

ನಮ್ಮ ಮನೆಗಳ ಹಾಲು ಸಕ್ಕರೆಯ ಚಹವನ್ನು ಮಾತ್ರ ಈ ಪಾಟಿಗೆ ತೋರಿಸಲೇಬಾರದು. ಹಾಲಿನ ಜಿಡ್ಡು ರಂಧ್ರಗಳಲ್ಲಿ ಸೇರಿ ಕಮಟು ಹಿಡಿಯುತ್ತದೆ. ಅದಕ್ಕೆ ಅಡಿಗೆಮನೆಯ ಸ್ಟೀಲಿನ ಪಾತ್ರೆಯೂ ಸೋಸುವ ಜಾಲರಿಯೂ ಇದ್ದೇ ಇವೆ. ಅವುಗಳ ಮರ್ಯಾದೆಗೆ ಯಾವ ಕುಂದೂ ಇಲ್ಲ.

ಬಳಸಿದ ಮೇಲೆ ಎಲೆಯನ್ನು ತೆಗೆದು, ಬಿಸಿನೀರಿನಲ್ಲಿ ಜಾಲಿಸಿ, ಮುಚ್ಚಳವನ್ನು ತೆರೆದಿಟ್ಟು ನೆರಳಿನಲ್ಲಿ ಒಣಗಿಸಬೇಕು. ಮುಸುರೆ ತಿಕ್ಕುವವರಿಗೂ ಮನೆಯ ಹಿರಿಯರಿಗೂ ಮೊದಲ ದಿನವೇ ಹೇಳಿಡಿ: ಇದಕ್ಕೆ ಸಾಬೂನು ಬೇಡ, ಹುಣಿಸೆಹಣ್ಣೂ ಬೇಡ.