ಮಾರ್ಕ್ಸು ಆಮೇಲೆ, ಮೊದಲು ಊಟ ಆಯಿತಾ ಕೇಳೋಣ



ಎಂಬಿಬಿಎಸ್ ಓದುತ್ತಿರುವ ನಮ್ಮ ಗುಂಪಿನ ಗೆಳತಿಯೊಬ್ಬಳು ಕಳೆದ ವರ್ಷ ಭಾನುವಾರದ ಪೂಜೆಗೆ ಬರುವುದನ್ನೇ ಬಿಟ್ಟಳು. ಯಾಕೆಂದು ವಿಚಾರಿಸಿದರೆ, "ಚರ್ಚಿನ ಬಾಗಿಲಾಗ ಎಲ್ಲಾರೂ ರಿಸಲ್ಟ್ ಏನಾತು ಅಂತ ಕೇಳತಾರ. ಫೇಲ್ ಆಗೇನಿ ಅಂತ ಎಷ್ಟ ಮಂದಿಗೆ ಹೇಳಲಿ?" ಎಂದಳು. ಹಾಗೆ ಕೇಳಿದವರಲ್ಲಿ ನಾವೂ ಇದ್ದೆವು.

ಮಿರಜ ವೈದ್ಯರ ಊರು. 1894ರಲ್ಲಿ ಡಾ. ವಾನ್ಲೆಸ್ ಇಲ್ಲಿ ಮಿಷನ್ ಆಸ್ಪತ್ರೆ ತೆರೆದರು. 1962ರಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಬಂತು. ಮನೆಯಲ್ಲೊಬ್ಬ ಡಾಕ್ಟರ್ ಎಂದರೆ ನಮಗೆಲ್ಲ ಹೆಮ್ಮೆ. ಆ ಹೆಮ್ಮೆಯ ಭಾರ ಹೊರುವವರು ಮಾತ್ರ ಹದಿನೆಂಟು, ಹತ್ತೊಂಬತ್ತು ವರ್ಷದ ಮಕ್ಕಳು. ಮೊದಲ ವರ್ಷವೇ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ. ಪಾಸಾಗಲು ನಾಲ್ಕೇ ಅವಕಾಶ. ಜತ್ತ ಕಡೆಯ ಕನ್ನಡ ಶಾಲೆಯಲ್ಲಿ ಓದಿದವರಿಗೆ ಪುಸ್ತಕ ಇಂಗ್ಲಿಷು, ವಾರ್ಡಿನ ಮಾತು ಮರಾಠಿ. ಸಂಕಟ ಹೇಳಿಕೊಳ್ಳಲು ಕನ್ನಡದವರು ಹತ್ತಿರ ಇರುವುದಿಲ್ಲ.

ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ವರದಿ ಕೊಟ್ಟಿತು. ಅದರ ಸಮೀಕ್ಷೆಗೆ ಉತ್ತರಿಸಿದ 25,590 ಎಂಬಿಬಿಎಸ್ ವಿದ್ಯಾರ್ಥಿಗಳಲ್ಲಿ ಶೇ. 27.8ರಷ್ಟು ಜನ ತಮಗೆ ಮಾನಸಿಕ ಆರೋಗ್ಯದ ತೊಂದರೆ ಇದೆ ಎಂದಿದ್ದರು. ಅಂದರೆ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು.

ಇಂಥವರಿಗೆ ನಾವು ಥಟ್ಟನೆ ಹೇಳುವುದು, "ಪ್ರಾರ್ಥನೆ ಮಾಡು, ಎಲ್ಲ ಸರಿಹೋಗುತ್ತದೆ." ಪ್ರಾರ್ಥನೆ ಬೇಕೇ ಬೇಕು. ಆದರೆ ಪ್ರವಾದಿ ಎಲೀಯನನ್ನು ನೆನೆಯಿರಿ (1 ಅರಸುಗಳು 19). ಬದುಕು ಸಾಕೆಂದು ಅಡವಿಯಲ್ಲಿ ಮಲಗಿದವನಿಗೆ ದೇವದೂತ ಬುದ್ಧಿ ಹೇಳಲಿಲ್ಲ. ಬಿಸಿ ರೊಟ್ಟಿ, ನೀರು ಕೊಟ್ಟ. ಮತ್ತೆ ಮಲಗಲು ಬಿಟ್ಟ. ಮತ್ತೆ ಎಬ್ಬಿಸಿ ಉಣಿಸಿದ. ದೇವರ ಮಾತು ಬಂದದ್ದು ಆಮೇಲೆ.

ನಮ್ಮ ಅಭಿಪ್ರಾಯ ಇಷ್ಟೇ: ಚರ್ಚು ಮೊದಲು ಆ ರೊಟ್ಟಿ ಕೊಡಬೇಕು. ಹಾಸ್ಟೆಲಿನ ಮಕ್ಕಳನ್ನು ವಾರಕ್ಕೊಂದು ಮನೆಯವರು ಭಾನುವಾರ ಊಟಕ್ಕೆ ಕರೆಯಲಿ. ಅಲ್ಲಿ ಮಾರ್ಕ್ಸಿನ ಮಾತು ಬೇಡ. ಮನೋವೈದ್ಯರ ಬಳಿ ಹೋಗುವುದನ್ನು ವಿಶ್ವಾಸದ ಕೊರತೆ ಎನ್ನಬೇಡಿ. ಕಾಲು ಮುರಿದವರನ್ನು ನಾವು ಆಸ್ಪತ್ರೆಗೆ ಒಯ್ಯುವುದಿಲ್ಲವೇ? ಬದುಕುವುದೇ ಬೇಡ ಎಂದು ಯಾರಾದರೂ ಅಂದರೆ ಒಂಟಿಯಾಗಿ ಬಿಡಬೇಡಿ, ಅಂದೇ ವೈದ್ಯರಿಗೆ ತೋರಿಸಿ.

ಓದುತ್ತಿರುವ ಗೆಳೆಯರೇ, ನೀವು ಒಬ್ಬರಿಗಾದರೂ ಹೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ನಮ್ಮ ಗೆಳತಿ ಈಗ ಮತ್ತೆ ಪೂಜೆಗೆ ಬರುತ್ತಿದ್ದಾಳೆ. ಬಾಗಿಲಲ್ಲಿ ನಾವು ಕೇಳುವುದು ಒಂದೇ: "ಊಟ ಆತೇನವಾ?"