ಫಿರ್ಯಾದಿಯನ್ನು ಕೇಳುವವರಾರು?

ಪೆಟ್ಟು ತಿಂದ ಹೆಣ್ಣುಮಗಳು ಠಾಣೆಯ ಮೆಟ್ಟಲೇರಲು ಅಂಜುವಳು. ಒಳಗೆ ಕುಳಿತವರು ಗಂಡಸರು. ಹೇಳಬೇಕಾದುದಾದರೋ ಹಡೆದ ತಾಯಿಯ ಮುಂದೆಯೂ ನಾಲಗೆಗೆ ಬಾರದ ಮಾತು. ಬಲಾತ್ಕಾರ, ಮಾನಭಂಗಗಳ ವಿಷಯದಲ್ಲಿ ಆಕೆಯ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳತಕ್ಕದ್ದೆಂದು 2013ರಿಂದ ಕಾಯಿದೆಯಿರುವದು. ಆದರೆ ಬರೆದುಕೊಳ್ಳುವವಳು ಎಲ್ಲಿಂದ ಬರಬೇಕು? ಯಾದಗಿರಿ, ಶಹಾಪುರ, ಸುರಪುರಗಳ ಹಳ್ಳಿಯ ನುಡಿಯನ್ನು ಅರಿತವಳು ಆ ಹಳ್ಳಿಗಳಿಂದಲೇ ಬರಬೇಕಲ್ಲವೆ?

ನಮ್ಮ ಚಿಂತೆಯೆಲ್ಲ ಇಲ್ಲಿಯೇ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಹೆಂಗಸರೊಳಗೆ ಅಕ್ಷರ ಬಲ್ಲವರು ನೂರಕ್ಕೆ ಸುಮಾರು 41 ಮಾತ್ರ. ಸಿವಿಲ್ ಪೋಲೀಸ್ ಕಾನ್‌ಸ್ಟೇಬಲ್ ಆಗಬೇಕಾದರೆ ಪಿ.ಯು.ಸಿ. ಮುಗಿದಿರಬೇಕು. ಏಳನೆಯ ಇಯತ್ತೆಗೇ ಶಾಲೆ ಬಿಡಿಸಿ, ಹತ್ತಿ ಬಿಡಿಸಲು ಹೊಲಕ್ಕೆ ಕಳುಹಿದ ಹುಡುಗಿ ಅಲ್ಲಿಗೆ ಮುಟ್ಟುವದೆಂತು? ಓಟದ ಪರೀಕ್ಷೆಯ ಅಂಜಿಕೆ ನಮಗಿಲ್ಲ. ತಲೆಯ ಮೇಲೆ ಕೊಡ, ಕಂಕುಳಲ್ಲಿ ತಮ್ಮನನ್ನು ಹೊತ್ತು ಬೆಳೆದವಳ ಕಾಲಿಗೆ ಕಸುವಿಲ್ಲವೆನ್ನುವವರಾರು? ಸಂವಿಧಾನದ 371 ಜೆ ವಿಧಿಯಿಂದ ಈ ಸೀಮೆಯವರಿಗೆ ಸರಕಾರಿ ನೌಕರಿಗಳಲ್ಲಿ ಮೀಸಲೂ ಉಂಟು. 2017ರಲ್ಲಿ ಶ್ರೀಮತಿ ನೀಲಮಣಿ ರಾಜು ಅವರು ಕರ್ನಾಟಕ ಪೋಲೀಸಿನ ಮೊದಲ ಮಹಿಳಾ ಮುಖ್ಯಸ್ಥರಾದರು.

“ಪೋಲೀಸಿನವಳನ್ನು ಯಾರು ತಂದುಕೊಳ್ಳುವರು?” ಎಂದು ಹಿರಿಯರು ಕೇಳುವದುಂಟು. ಹದಿನೆಂಟು ತುಂಬುವ ಮೊದಲೇ ಕೊಟ್ಟು, ಬಾಸುಂಡೆ ಹೊತ್ತು ತವರಿಗೆ ಮರಳಿದವಳನ್ನು ಕಂಡ ಮೇಲೂ ಈ ಪ್ರಶ್ನೆಯೇ?

ಇಂದೇ ಆಸರೆ ಬೇಕಾದವರಿಗೆ 112 ಮತ್ತು 181 ಸಂಖ್ಯೆಗಳಿವೆ. 2005ರ ಕಾಯಿದೆಯಂತೆ, ಹೊಡೆಯುವ ಗಂಡನ ಮನೆಯಲ್ಲಿಯೂ ಹೆಂಡತಿಗೆ ವಾಸದ ಹಕ್ಕಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಸಂಹಿತೆಯ ಮೇರೆಗೆ ಇಂಥ ಅಪರಾಧದ ಫಿರ್ಯಾದಿಯನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಸುರಪುರದವಳು ಶಹಾಪುರದಲ್ಲಿ ಕೊಟ್ಟರೂ “ನಮ್ಮ ಸರಹದ್ದಲ್ಲ” ಎಂದು ಹಿಂದಕ್ಕೆ ಕಳುಹುವಂತಿಲ್ಲ.