ಫೋನು ಕಸಿದರೆ ನಿದ್ದೆ ಬಂದೀತೇ?

ನರ್ಸಿಂಗ್ ವಿದ್ಯಾರ್ಥಿಗಳು ಮೊಬೈಲಿಗೆ ಅಂಟಿಕೊಂಡಿದ್ದಾರೆ, ಅವರ ಮಾನಸಿಕ ಸ್ವಾಸ್ಥ್ಯ ಕುಸಿಯುತ್ತಿದೆ ಎನ್ನುವ ಸಮೀಕ್ಷೆಗಳು ಭಾರತವೂ ಸೇರಿ ಹಲವು ದೇಶಗಳಿಂದ ಬರುತ್ತಿವೆ. ಈ ಆತಂಕ ಸುಳ್ಳಲ್ಲ. ಆದರೆ ಅದರಿಂದ ಹೊರಡುವ ತೀರ್ಮಾನ ಬಹುತೇಕ ಒಂದೇ: ಹಾಸ್ಟೆಲಿನಲ್ಲಿ ಫೋನು ಕಿತ್ತಿಡಿ. ಇದನ್ನು ಪ್ರಶ್ನಿಸಬೇಕಾಗಿದೆ.

ಮೊದಲು ಅಳತೆಗೋಲನ್ನೇ ನೋಡೋಣ. ಇಂಥ ಅನೇಕ ಅಧ್ಯಯನಗಳು ಬಳಸುವ 10 ಪ್ರಶ್ನೆಗಳ ಮಾಪನವನ್ನು 2013ರಲ್ಲಿ ದಕ್ಷಿಣ ಕೊರಿಯಾದ ಸಂಶೋಧಕರು ಹದಿಹರೆಯದವರಿಗಾಗಿ ರೂಪಿಸಿದರು. ಅದು ಅಪಾಯದ ಸೂಚನೆ ಕೊಡಬಲ್ಲದು, ರೋಗನಿರ್ಣಯ ಮಾಡಲಾರದು. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದಲ್ಲಿ ಗೇಮಿಂಗ್ ವ್ಯಸನಕ್ಕೆ ಸ್ಥಾನವಿದೆ. 'ಸ್ಮಾರ್ಟ್‌ಫೋನ್ ವ್ಯಸನ' ಎಂಬ ಪ್ರತ್ಯೇಕ ಕಾಯಿಲೆ ಅಲ್ಲಿಲ್ಲ. ಮೇಲಾಗಿ, ಒಂದೇ ಸಲ ಪ್ರಶ್ನಾವಳಿ ಹಂಚಿ ಮಾಡಿದ ಸಮೀಕ್ಷೆಯು ಫೋನಿನಿಂದ ಖಿನ್ನತೆ ಬಂತೋ, ಖಿನ್ನತೆಯೇ ಫೋನಿನತ್ತ ತಳ್ಳಿತೋ ಎಂಬುದನ್ನು ಹೇಳಲಾರದು.

ಈಗ ಆ ಫೋನು ಹಿಡಿದ ಕೈಯನ್ನು ನೋಡೋಣ. ಬೆಂಗಳೂರು, ಮಂಗಳೂರುಗಳ ನರ್ಸಿಂಗ್ ಕಾಲೇಜುಗಳಿಗೆ ಕೇರಳದಿಂದ, ಈಶಾನ್ಯ ರಾಜ್ಯಗಳಿಂದ, ಉತ್ತರ ಕರ್ನಾಟಕದ ಹಳ್ಳಿಗಳಿಂದ ಹೆಣ್ಣುಮಕ್ಕಳು ಬರುತ್ತಾರೆ. ಹಲವರ ಬೆನ್ನಿಗೆ ಶುಲ್ಕದ ಸಾಲವಿದೆ. ಬೆಳಿಗ್ಗೆ ವಾರ್ಡು, ಮಧ್ಯಾಹ್ನ ತರಗತಿ, ಸಂಜೆ ರೆಕಾರ್ಡು ಬರವಣಿಗೆ. ಹತ್ತೊಂಬತ್ತರ ವಯಸ್ಸಿನಲ್ಲಿ ಮೊದಲ ಸಾವನ್ನು ಕಂಡವಳಿಗೆ ಆ ರಾತ್ರಿ ಅಮ್ಮನ ದನಿ ಸಿಗುವುದು ಫೋನಿನಲ್ಲೇ. ನಾಳಿನ ಪಾಠ, ವಿದೇಶಕ್ಕೆ ಹೋಗಲು ಬೇಕಾದ ಇಂಗ್ಲಿಷ್ ಅಥವಾ ಜರ್ಮನ್ ಪರೀಕ್ಷೆಯ ತಯಾರಿ ನಡೆಯುವುದೂ ಅದೇ ಪರದೆಯ ಮೇಲೆ.

ಹಾಗೆಂದು ಫೋನಿಗೆ ಕ್ಷಮಾದಾನ ಕೊಡುವಂತಿಲ್ಲ. ಕೊನೆಯೇ ಇಲ್ಲದೆ ಉರುಳುವ ವಿಡಿಯೋಗಳು ನಮ್ಮ ಗಮನವನ್ನು ಲಾಭವಾಗಿಸಲೆಂದೇ ವಿನ್ಯಾಸಗೊಂಡವು. ನಿದ್ದೆಗೆಟ್ಟ ಕಣ್ಣು ಮದ್ದಿನ ಪ್ರಮಾಣ ಲೆಕ್ಕಹಾಕುವಾಗ ತಪ್ಪಿದರೆ ಬೆಲೆ ತೆರುವವರು ರೋಗಿಗಳು. ವಾರ್ಡಿನಲ್ಲಿ ಫೋನಿಗೆ ಮಿತಿ ಇರಲೇಬೇಕು. ಆದರೆ ವಾರ್ಡಿನ ಶಿಸ್ತು ಬೇರೆ, ವಯಸ್ಕ ಹೆಣ್ಣುಮಕ್ಕಳ ಖಾಸಗಿ ಬದುಕಿನ ಮೇಲಿನ ಕಾವಲು ಬೇರೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ಆರಂಭಿಸಿದ ಚಿಕಿತ್ಸಾಲಯದ ಹೆಸರಿನಲ್ಲೇ 'ತಂತ್ರಜ್ಞಾನದ ಆರೋಗ್ಯಕರ ಬಳಕೆ' ಎಂಬ ಮಾತಿದೆ. ಅದರ ಗುರಿ ಕಸಿಯುವುದಲ್ಲ, ಹಿಡಿತ ಕಲಿಸುವುದು.

ಕುಸಿದ ಮನಸ್ಸಿನ ಹಿಂದೆ ಭವಿಷ್ಯದ ಭಯವೂ ಇದೆ. ಸುಪ್ರೀಂ ಕೋರ್ಟಿನ 2016ರ ನಿರ್ದೇಶನದಂತೆ ರಚನೆಯಾದ ತಜ್ಞರ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಗಳ ಖಾಸಗಿ ಆಸ್ಪತ್ರೆಯಲ್ಲೂ ನರ್ಸುಗಳಿಗೆ ತಿಂಗಳಿಗೆ ಕನಿಷ್ಠ 20,000 ರೂಪಾಯಿ ಕೊಡಬೇಕೆಂದಿತು. ಆ ಶಿಫಾರಸು ಇಂದಿಗೂ ಎಲ್ಲೆಡೆ ವೇತನವಾಗಿ ಕೈಸೇರಿಲ್ಲ. ಸಾಲ ತೀರಿಸಲಾಗದ ಸಂಬಳ ಕಾದಿರುವಾಗ, ಆತಂಕಕ್ಕೆ ಪರದೆಯೊಂದೇ ಕಾರಣ ಎನ್ನುವುದು ಆಡಳಿತ ಮಂಡಳಿಗಳಿಗೆ ಬಲು ಅನುಕೂಲದ ಮಾತು.

ಬ್ರಿಟನ್ನಿನ, ಕೊಲ್ಲಿಯ, ಜರ್ಮನಿಯ ಆಸ್ಪತ್ರೆಗಳಲ್ಲಿ ನಮ್ಮ ನಾಡಿಮಿಡಿತ ನೋಡುವವರಲ್ಲಿ ಈ ಕಾಲೇಜುಗಳಿಂದ ಬಂದವರೂ ಇದ್ದಾರೆ. ಆದ್ದರಿಂದ ಇದು ನಮ್ಮ ಮಾತೂ ಹೌದು. ನಮ್ಮ ಸಂಘಗಳು ಊರಿನ ಕಾಲೇಜುಗಳಿಗೆ ಕಟ್ಟಡ, ಕಂಪ್ಯೂಟರು ಎಂದು ದೇಣಿಗೆ ಕಳಿಸುತ್ತವೆ. ಮುಂದಿನ ಸಲ ಕಳಿಸುವ ಮುನ್ನ ಎರಡು ಪ್ರಶ್ನೆ ಕೇಳೋಣ: ಅಲ್ಲಿನ ವಿದ್ಯಾರ್ಥಿನಿಗೆ ನಿದ್ದೆಗೆ ಎಷ್ಟು ಗಂಟೆ ಉಳಿಯುತ್ತದೆ? ಆಡಿದ ಮಾತು ಪ್ರಾಂಶುಪಾಲರ ಕಿವಿಗೆ ಬೀಳದಂತೆ ಕಾಪಾಡುವ ಆಪ್ತಸಮಾಲೋಚಕಿ ಒಬ್ಬರಾದರೂ ಇದ್ದಾರೆಯೇ? ಇಲ್ಲವೆಂದಾದರೆ, ಆ ಹಣದಿಂದ ಮೊದಲು ಅವರ ಸಂಬಳ ಸಲ್ಲಲಿ.